ಬಾಲರ ವಿದ್ಯೆ, ಪ್ರೌಢರ ವಿದ್ಯೆ

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ” ಎಂಬ ಗಾದೆಯು ಕನ್ನಡ ನಾಡಿನಲ್ಲಿ ಮನೆಮಾತಾಗಿರುವದು. ಮಕ್ಕಳಿಗೆ ಸಕಾಲದಲ್ಲಿ ನಡೆನುಡಿಗಳನ್ನು ಕಲಿಸಬೇಕೆಂದು ಹಿರಿಯರಿಗೆ ಎಚ್ಚರ ಹೇಳುವ ಈ ಮಾತು ಇನ್ನೊಂದು ಕೆಲಸಕ್ಕೂ ಬಳಕೆಯಾಗುತ್ತ ಬಂದಿದೆ. ಬಾಲ್ಯದಲ್ಲಿ ಶಾಲೆಯ ಮೆಟ್ಟಿಲನ್ನೇ ಹತ್ತದ ಒಕ್ಕಲಿಗನಾಗಲಿ, ಮನೆವಾರ್ತೆಯಲ್ಲಿ ಮುಳುಗಿದ ಗೃಹಿಣಿಯಾಗಲಿ ಅಕ್ಷರ ಕಲಿಯಬೇಕೆಂದು ಬಯಸಿದರೆ, ನೆರೆಹೊರೆಯವರು ಈ ಗಾದೆಯನ್ನು ಮುಂದಿಟ್ಟು ನಗುವದುಂಟು. ಬಯಸಿದವರೂ ಅದನ್ನೇ ತಮಗೆ ತಾವು ಹೇಳಿಕೊಂಡು ಹಿಂದೆಗೆಯುವದುಂಟು. ಹೀಗೆ ಒಂದು ಒಳ್ಳೆಯ ಗಾದೆಯು ಅನೇಕರಿಗೆ ವಿದ್ಯೆಯ ಬಾಗಿಲನ್ನು ಮುಚ್ಚುವ ಅಗಳಿಯಾಗಿ ಪರಿಣಮಿಸಿದೆ. ಆದುದರಿಂದ ಇದು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ವಿಚಾರಿಸುವದು ಆವಶ್ಯಕವಾಗಿದೆ.

ಈ ವಿಚಾರಕ್ಕೆ ಬೇಕಾದ ಸಾಮಗ್ರಿಯು ಇಂದಿನ ವಿಜಯಪುರ ಜಿಲ್ಲೆಯಲ್ಲಿಯೇ ಯಥೇಷ್ಟವಾಗಿ ದೊರೆಯುವದು. ಮುದ್ದೇಬಿಹಾಳ ತಾಲೂಕಿನಲ್ಲಿ, ಕೃಷ್ಣಾ ತೀರದ ಸೀಮೆಯಲ್ಲಿ, ವೀರೇಶ್ವರ ಶರಣರ ಹೆಸರಿನಿಂದ ಪ್ರಸಿದ್ಧವಾದ ನಾಲತವಾಡವಿದೆ. ಅಲ್ಲಿಂದ ಬಾಗೇವಾಡಿ, ಸಿಂದಗಿ, ಇಂಡಿಗಳ ಕಡೆಗೆ ದೃಷ್ಟಿ ಹರಿಸಿದರೆ, ವಿದ್ಯೆಯ ಎರಡು ಬೇರೆ ಬೇರೆ ದಾರಿಗಳು ಇದೇ ನೆಲದ ಮೇಲೆ ಶತಮಾನಗಳಿಂದ ನಡೆದು ಬಂದಿರುವದು ಕಾಣುತ್ತದೆ. ಒಂದು ಬಾಲರ ದಾರಿ. ಇನ್ನೊಂದು ಪ್ರೌಢರ ದಾರಿ. ಇವೆರಡರ ಭೇದವನ್ನು ಮರೆತಾಗ ಪ್ರೌಢರು ಸೋತರು, ನೆನೆದಾಗ ಗೆದ್ದರು. ಇದುವೇ ಈ ಇತಿಹಾಸದ ಸಾರಾಂಶವು.

ಮೊದಲು ಬಾಲರ ದಾರಿಯನ್ನು ನೋಡೋಣ. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಶಕ ವರ್ಷ ೮೬೭ಕ್ಕೆ, ಅಂದರೆ ಕ್ರಿ.ಶ. ೯೪೫ಕ್ಕೆ ಸೇರಿದ ಒಂದು ಸ್ತಂಭಶಾಸನವಿದೆ. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನೆಂದೂ, ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರೆಂದೂ, ಅವರ ವಾಸಕ್ಕಾಗಿ ೨೭ ನಿವೇಶನಗಳಿದ್ದವೆಂದೂ ಅದರಿಂದ ತಿಳಿಯಬರುವದು. ದೀಪದ ಎಣ್ಣೆಯ ವೆಚ್ಚಕ್ಕಾಗಿ ೧೨ ನಿವರ್ತನ ಭೂಮಿಯು ಬೇರೆಯಾಗಿಯೇ ದತ್ತಿಯಾಗಿತ್ತು. ಊರಿನ ಬ್ರಾಹ್ಮಣ ಕುಟುಂಬಗಳವರು ಮದುವೆ, ಉಪನಯನ, ಚೌಲಗಳ ಕಾಲದಲ್ಲಿ ಶಾಲೆಗೆ ಇಂತಿಷ್ಟು ಕಾಣಿಕೆಯನ್ನು ಸಲ್ಲಿಸುವ ಕಟ್ಟಳೆಯೂ ಇದ್ದಿತು. ಇಂಥ ಶಾಲೆಯ ವಿದ್ಯಾರ್ಥಿಗೆ ಬೇರೆ ಚಿಂತೆಯಿಲ್ಲ. ಅನ್ನ, ವಸತಿ, ದೀಪ ಎಲ್ಲವನ್ನೂ ಸಮಾಜವು ಒದಗಿಸುವದು. ಅವನ ಕಾಲವೆಲ್ಲ ವಿದ್ಯೆಗೇ ಮೀಸಲು. ಇಂದು ಕಂಠಪಾಠ ಮಾಡಿದುದರ ಪ್ರಯೋಜನವು ಹತ್ತು ವರ್ಷಗಳ ಮೇಲೆ ತಿಳಿದರೂ ಬಾಧಕವಿಲ್ಲ. ಏಕೆಂದರೆ ಬಾಲಕನಿಗೆ ಕಾಲವೇ ದೊಡ್ಡ ಬಂಡವಾಳವು.

ಸಾಮಾನ್ಯ ಜನರ ಮಕ್ಕಳು ಕಲಿತ ಗಾವಠಿ ಶಾಲೆಗಳ ಪದ್ಧತಿಯೂ ಇದೇ ತತ್ವದ ಮೇಲೆ ನಿಂತಿತ್ತು. ಬಳ್ಳಾರಿ ಜಿಲ್ಲೆಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ಲನು ೧೮೨೩ನೆಯ ಇಸವಿಯಲ್ಲಿ ಮದ್ರಾಸು ಸರಕಾರಕ್ಕೆ ಕಳಿಸಿದ ವರದಿಯು ಇದಕ್ಕೆ ಉತ್ತಮ ಸಾಕ್ಷಿ. ಆಗ ಆ ಜಿಲ್ಲೆಯ ೯,೨೭,೮೫೭ ಜನಸಂಖ್ಯೆಗೆ ೫೩೩ ಶಾಲೆಗಳಿದ್ದವು. ಅವುಗಳಲ್ಲಿ ೬,೬೪೧ ಮಂದಿ ಮಕ್ಕಳು ಓದುತ್ತಿದ್ದರು. ಆ ಮಕ್ಕಳಲ್ಲಿ ಹುಡುಗಿಯರು ೬೦ ಮಂದಿ ಮಾತ್ರ. ಐದನೆಯ ವಯಸ್ಸಿನ ಸುಮಾರಿಗೆ ಶಾಲೆಗೆ ಬಂದ ಮಗುವು ನೆಲದ ಮೇಲೆ ಹರವಿದ ಮರಳಿನಲ್ಲಿ ಬೆರಳಿನಿಂದ ಅಕ್ಷರವನ್ನು ತಿದ್ದಿ, ಬಾಯಿಂದ ಅದನ್ನು ಗಟ್ಟಿಯಾಗಿ ಹೇಳುತ್ತ ಕಲಿಯುತ್ತಿತ್ತು. ಮುಂದಿನ ತರಗತಿಯ ಹುಡುಗನು ಹಿಂದಿನವನಿಗೆ ಪಾಠ ಹೇಳುತ್ತಿದ್ದನು. ಈ ಏರ್ಪಾಟನ್ನು ಕ್ಯಾಂಬೆಲ್ಲನು ಮೆಚ್ಚಿಕೊಂಡನು. ಆದರೆ ಮಕ್ಕಳು ತಮ್ಮ ಆಡುಮಾತಿಗೆ ದೂರವಾದ ಪದ್ಯಗಳನ್ನು ಅರ್ಥದ ಗಂಧವೂ ಇಲ್ಲದೆ ಗಿಳಿಗಳಂತೆ ಒಪ್ಪಿಸುವರೆಂದು ಆಕ್ಷೇಪವನ್ನೂ ಮಾಡಿದನು. ಆಕ್ಷೇಪದಲ್ಲಿ ಹುರುಳಿದೆ. ಆದರೂ ಮಗುವಿನ ಮಟ್ಟಿಗೆ ಈ ಪದ್ಧತಿಯು ಕೇವಲ ವ್ಯರ್ಥವಲ್ಲ. ಲಯದ ಸಂತೋಷಕ್ಕಾಗಿಯೇ ಮಗುವು ನೂರು ಸಲ ಹೇಳಬಲ್ಲದು; ತಪ್ಪಿದರೆ ಗೆಳೆಯರೊಡನೆ ತಾನೂ ನಕ್ಕು ಮತ್ತೆ ಹೇಳಬಲ್ಲದು. ಅರ್ಥವನ್ನು ಕಾಣದೆಯೇ ಶಬ್ದವನ್ನು ಒಳಗೆ ತೆಗೆದುಕೊಳ್ಳುವ ಶಕ್ತಿ ಬಾಲ್ಯದ ವಿಶೇಷವು.

ಪ್ರೌಢನಲ್ಲಿ ಈ ಗುಣಗಳಿಲ್ಲ. ಅವನಿಗೆ ಬಿಡುವಿಲ್ಲ, ಅರ್ಥವಿಲ್ಲದುದನ್ನು ಉರುಹೊಡೆಯುವ ತಾಳ್ಮೆಯಿಲ್ಲ, ನಾಲ್ಕು ಜನರ ಮುಂದೆ ತಪ್ಪಿದರೆ ನಗುವಷ್ಟು ಹಗುರವಾದ ಮನಸ್ಸೂ ಇಲ್ಲ. ಇಷ್ಟನ್ನು ನೋಡಿ ಅವನು ಕಲಿಯಲಾರನೆಂದು ತೀರ್ಮಾನಿಸುವದು ಸುಲಭ. ಆದರೆ ಪ್ರಾಚೀನರು ಹಾಗೆ ತೀರ್ಮಾನಿಸಲಿಲ್ಲವೆಂಬುದಕ್ಕೆ ಸಂಸ್ಕೃತ ಸಾಹಿತ್ಯದ ಒಂದು ಪ್ರಸಿದ್ಧ ಕಥೆ ಸಾಕ್ಷಿಯಾಗಿದೆ. ಹನ್ನೊಂದನೆಯ ಶತಮಾನದ ಕಾಶ್ಮೀರ ಕವಿ ಸೋಮದೇವನ ಕಥಾಸರಿತ್ಸಾಗರದಲ್ಲಿ ಅದು ಬಂದಿದೆ. ಗೋದಾವರಿ ತೀರದ ಪ್ರತಿಷ್ಠಾನದಲ್ಲಿ ಆಳುತ್ತಿದ್ದ ಸಾತವಾಹನ ರಾಜನು ಒಮ್ಮೆ ರಾಣಿಯರೊಡನೆ ಜಲಕ್ರೀಡೆಯಾಡುತ್ತಿದ್ದನು. ದಣಿದ ರಾಣಿಯೊಬ್ಬಳು, ನೀರು ಎರಚುವದು ಸಾಕೆಂದು ಸಂಸ್ಕೃತದಲ್ಲಿ ಹೇಳಿದಳು. ‘ಬೇಡ’ವೆಂಬ ಅರ್ಥದ ‘ಮಾ’ ಎಂಬುದೂ, ನೀರೆಂಬ ಅರ್ಥದ ‘ಉದಕ’ ಎಂಬುದೂ ಸಂಧಿಯಾಗಿ ಕೂಡಿದಾಗ ಕಿವಿಗೆ ‘ಮೋದಕ’ವೆಂದು ಕೇಳಿಸುವದು. ವ್ಯಾಕರಣವನ್ನರಿಯದ ರಾಜನು ಮೋದಕಗಳನ್ನು ತರಿಸಿದನು, ರಾಣಿಯು ನಕ್ಕಳು. ಆ ನಗೆಯಿಂದ ರಾಜನು ಅನ್ನಪಾನಗಳನ್ನೂ ಬಿಟ್ಟು ಕುಗ್ಗಿ ಕುಳಿತನು. ವ್ಯಾಕರಣಕ್ಕೆ ಹನ್ನೆರಡು ವರ್ಷ ಬೇಕು, ಆರು ವರ್ಷಗಳಲ್ಲಿ ಕಲಿಸುವೆನೆಂದು ಗುಣಾಢ್ಯನು ಹೇಳಿದರೆ, ಆರೇ ತಿಂಗಳುಗಳಲ್ಲಿ ಕಲಿಸುವೆನೆಂದು ಶರ್ವವರ್ಮನು ಪಂತ ಕಟ್ಟಿದನು. ಕುಮಾರಸ್ವಾಮಿಯ ಅನುಗ್ರಹದಿಂದ ಅವನು ಪಡೆದ ಕಾತಂತ್ರ ವ್ಯಾಕರಣದಿಂದ ರಾಜನು ವಿದ್ಯಾವಂತನಾದನೆಂದು ಕಥೆ ಹೇಳುತ್ತದೆ.

ಕಥೆಯು ಕಥೆಯೇ ಇರಲಿ. ಕಾತಂತ್ರವೆಂಬ ಗ್ರಂಥವು ಮಾತ್ರ ಕಟ್ಟುಕಥೆಯಲ್ಲ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಸುಮಾರು ೪,೦೦೦ ಸೂತ್ರಗಳಿವೆ. ಅವು ಅತ್ಯಂತ ಸಂಕ್ಷಿಪ್ತವಾದ ಸಂಕೇತಗಳಿಂದ ಹೆಣೆದವು. ಮೊದಲು ಇಡೀ ಗ್ರಂಥವನ್ನು ಕಂಠಸ್ಥ ಮಾಡಿದವನಿಗೆ ಮಾತ್ರ ಅದರ ಸೊಬಗು ತೆರೆಯುವದು. ಕಾತಂತ್ರದಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ ಸೂತ್ರಗಳಿವೆ. ಸಂಧಿ, ನಾಮ, ಆಖ್ಯಾತ ಎಂದು ವಿಷಯಾನುಕ್ರಮವಾಗಿ, ಸ್ವರವ್ಯಂಜನಗಳಿಗೆ ರೂಢಿಯ ಹೆಸರುಗಳನ್ನೇ ಇಟ್ಟುಕೊಂಡು, ಇಂದು ಓದಿದುದು ಇಂದೇ ಉಪಯೋಗಕ್ಕೆ ಬರುವಂತೆ ಅದನ್ನು ರಚಿಸಲಾಗಿದೆ. ಕನ್ನಡ ವ್ಯಾಕರಣಕಾರರ ಮೇಲೂ ಅದರ ಪ್ರಭಾವವನ್ನು ವಿದ್ವಾಂಸರು ಗುರುತಿಸಿರುವರು. ಇಲ್ಲಿ ಗಮನಿಸತಕ್ಕ ಅಂಶಗಳು ಮೂರು. ರಾಜನನ್ನು ಕಲಿಕೆಗೆ ತಂದುದು ಅಪಮಾನದ ನೋವು. ಅವನು ಕಲಿತುದು ತನ್ನ ನಿತ್ಯಜೀವನದಲ್ಲಿ ಕೊರತೆಯಾಗಿ ಕಂಡ ವಿಷಯವನ್ನು. ಅವನಿಗಾಗಿ ಗುರುವು ಶಿಷ್ಯನನ್ನು ಬದಲಿಸಲು ಹೋಗದೆ ಗ್ರಂಥವನ್ನೇ ಬದಲಿಸಿದನು. ಪ್ರೌಢಶಿಕ್ಷಣದ ರಹಸ್ಯವೆಲ್ಲ ಈ ಮೂರರಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

ಇದು ರಾಜನ ಮಾತಾಯಿತು. ದುಡಿದು ಉಣ್ಣುವವರ ವಿದ್ಯೆಯು ಹೇಗೆ ಸಾಗಿತೆಂಬುದನ್ನು ತಿಳಿಯಲು ಹನ್ನೆರಡನೆಯ ಶತಮಾನದ ಕಲ್ಯಾಣದ ಕಡೆಗೆ ತಿರುಗಬೇಕು. ಆ ಕಥೆಯ ಅನೇಕ ಪಾತ್ರಗಳು ಈ ಸೀಮೆಯವೇ. ಬಸವಣ್ಣನವರ ಜನ್ಮಸ್ಥಳವೆಂದು ಬಾಗೇವಾಡಿಯು ಪೂಜ್ಯವಾಗಿರುವದು. ಮಡಿವಾಳ ಮಾಚಯ್ಯನವರು ಹಿಂದೆ ಸಿಂದಗಿ ತಾಲೂಕಿಗೆ ಸೇರಿದ್ದ ದೇವರ ಹಿಪ್ಪರಗಿಯವರು. ನೀಲಮ್ಮನವರು ಐಕ್ಯರಾದ ಸ್ಥಳವೆಂದು ಪ್ರಸಿದ್ಧವಾದ ತಂಗಡಗಿಯು ಮುದ್ದೇಬಿಹಾಳ ತಾಲೂಕಿನಲ್ಲಿ ಕೃಷ್ಣೆಯ ದಡದ ಮೇಲಿದೆ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಊರೆಂದು ಹೇಳುವ ಅಮರೇಶ್ವರವು ಹೊಳೆಯಾಚೆಯ ಲಿಂಗಸೂಗೂರು ತಾಲೂಕಿನದು. ಬಸವಣ್ಣನವರು ಬಾಲ್ಯದಲ್ಲಿ ಕೂಡಲಸಂಗಮದಲ್ಲಿ ಗುರುಸನ್ನಿಧಿಯಲ್ಲಿ ಓದಿದರೆಂಬ ಪ್ರತೀತಿಯುಂಟು. ಅದು ಬಾಲರ ದಾರಿ. ಆದರೆ ಕಲ್ಯಾಣದಲ್ಲಿ ಅವರ ಸುತ್ತಲೂ ನೆರೆದವರು ಬಟ್ಟೆ ಒಗೆಯುವವರು, ದೋಣಿ ನಡೆಸುವವರು, ಹಗ್ಗ ಹೊಸೆಯುವವರು, ಚಪ್ಪಲಿ ಹೊಲಿಯುವವರು. ಅವರೆಲ್ಲ ಬೆಳೆದು ಸಂಸಾರ ಹೂಡಿ ಕಸುಬಿನಲ್ಲಿ ಕೈ ಪಳಗಿದ ಪ್ರೌಢರು. ಅವರ ಕೂಟವು ಅನುಭವಮಂಟಪವೆಂಬ ಹೆಸರಿನಿಂದ ಪ್ರಖ್ಯಾತವಾಗಿದೆ. ಅದರ ವಿಸ್ತಾರವಾದ ಚಿತ್ರವು ದೊರೆಯುವದು ಹದಿನೈದನೆಯ ಶತಮಾನದಿಂದ ಈಚೆಗೆ ಸಂಕಲಿತವಾದ ಶೂನ್ಯಸಂಪಾದನೆಗಳಲ್ಲಿ. ಆದಕಾರಣ ಅದರ ಪ್ರತಿಯೊಂದು ವಿವರವನ್ನೂ ಕಣ್ಣಾರೆ ಕಂಡ ವರದಿಯೆಂದು ತಿಳಿಯಬಾರದು. ಆದರೆ ಶರಣರ ವಚನಗಳು ನಮ್ಮ ಮುಂದಿವೆ. ಅವು ಎಂಥ ಕಲಿಕೆಯಿಂದ ಹುಟ್ಟಿದವೆಂಬುದನ್ನು ಅವುಗಳ ರೂಪವೇ ಸಾರುತ್ತದೆ.

ವಚನವು ಚಿಕ್ಕದು. ಆಡುಮಾತಿನಲ್ಲಿದೆ. ಅಂಬಿಗನ ವಚನದಲ್ಲಿ ಹೊಳೆಯೂ ಹರಿಗೋಲೂ ಬರುವವು. ಪ್ರತಿಯೊಂದು ವಚನಕ್ಕೂ ಹೇಳಿದವರ ಅಂಕಿತವುಂಟು. ಎಂದರೆ ಪ್ರತಿಯೊಬ್ಬರೂ ತಮ್ಮ ಮಾತಿಗೆ ತಾವೇ ಹೊಣೆಯಾದರು. ಕಸುಬನ್ನು ಹೊರಗಿಟ್ಟು ಪಾಠಕ್ಕೆ ಬಾ ಎಂದು ಅಲ್ಲಿ ಯಾರಿಗೂ ಹೇಳಲಿಲ್ಲ. ಕಾಯಕವೇ ಪಾಠದ ಮೊದಲ ಪುಟವಾಯಿತು. ಗುರುಶಿಷ್ಯರ ಸ್ಥಾನಗಳೂ ಅಲ್ಲಿ ಸ್ಥಿರವಲ್ಲ. ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದು ಲಕ್ಕಮ್ಮನು ತಿದ್ದಿದ ಸಂಗತಿಯು ಮನೆಮನೆಗೂ ತಿಳಿದುದೇ. ಪತಿಯು ಪತ್ನಿಯಿಂದ ಕಲಿತನು, ಮತ್ತು ಅದರಿಂದ ಅವನ ಗೌರವವು ಕಡಿಮೆಯಾಗಲಿಲ್ಲ. ವಿದ್ಯೆಯ ಕಾಲುಭಾಗ ಗುರುವಿನಿಂದ, ಕಾಲುಭಾಗ ಸ್ವಬುದ್ಧಿಯಿಂದ, ಕಾಲುಭಾಗ ಸಹಪಾಠಿಗಳಿಂದ, ಉಳಿದ ಕಾಲುಭಾಗ ಕಾಲಕ್ರಮದಿಂದ ಬರುವದೆಂದು ಪೂರ್ವಿಕರು ಲೆಕ್ಕ ಹಾಕಿರುವರಷ್ಟೆ. ಬಾಲಕನ ಪಾಲಿಗೆ ಗುರುವಿನ ಭಾಗವು ಹಿರಿದು. ಪ್ರೌಢನಿಗೆ ಕಾಲಕ್ರಮದ ಭಾಗವು ಆಗಲೇ ಅನುಭವರೂಪವಾಗಿ ಕೈಸೇರಿರುವದು. ಅವನಿಗೆ ಬೇಕಾದುದು ಸಹಪಾಠಿಗಳ ಸಂಗವು. ಶರಣರ ಗೋಷ್ಠಿಯು ಅದನ್ನು ಒದಗಿಸಿಕೊಟ್ಟಿತು.

ಈ ವಚನಗಳನ್ನು ತಾಳೆಗರಿಗಳಿಂದ ಹೊರತಂದ ಫ.ಗು. ಹಳಕಟ್ಟಿಯವರ (೧೮೮೦–೧೯೬೪) ಬಾಳೂ ಇದೇ ಮಾತನ್ನು ಸಮರ್ಥಿಸುತ್ತದೆ. ಅವರು ಕಲಿತುದು ಕಾಯಿದೆ. ಬಿಜಾಪುರದಲ್ಲಿ ನಡೆಸಿದುದು ವಕೀಲಿ. ಹಳೆಯ ಲಿಪಿಯನ್ನು ಓದುವದು, ಪಾಠಾಂತರಗಳನ್ನು ಹೋಲಿಸುವದು ಮೊದಲಾದ ವಿದ್ಯೆಗಳನ್ನು ಅವರು ಶಾಲೆಯಲ್ಲಿ ಕಲಿತವರಲ್ಲ. ಕೆಲಸವು ಬೇಡಿದಂತೆಲ್ಲ ಗಳಿಸಿಕೊಂಡರು. ಅವರ ವಚನಶಾಸ್ತ್ರಸಾರದ ಮೊದಲ ಭಾಗವು ೧೯೨೩ರಲ್ಲಿ ಹೊರಬಿದ್ದಿತು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯು ಆರಂಭವಾಯಿತು. ಆಗ ಅವರು ನಲವತ್ತನ್ನು ದಾಟಿದ್ದರು.

ಆಧುನಿಕ ಕಾಲದಲ್ಲಿ ಪ್ರೌಢರಿಗಾಗಿ ಬೇರೆ ಶಾಲೆಗಳು ಹುಟ್ಟಿದ ಬಗೆಯನ್ನು ಇನ್ನು ನೋಡತಕ್ಕದ್ದು. ಡೆನ್ಮಾರ್ಕ ದೇಶದಲ್ಲಿ ಗ್ರುಂಡ್ಟ್‌ವಿಗ್ ಎಂಬ ಧರ್ಮಗುರುವಿನ ವಿಚಾರಗಳಿಂದ ಪ್ರೇರಿತವಾಗಿ ೧೮೪೪ರಲ್ಲಿ ರ‍್ಯೋಡಿಂಗ್ ಎಂಬಲ್ಲಿ ರೈತ ತರುಣರ ವಿದ್ಯಾಶಾಲೆಯು ತೆರೆಯಿತು. ಪರೀಕ್ಷೆಯ ಭಯಕ್ಕಿಂತ ಸಂಭಾಷಣೆಗೂ ಸಹವಾಸಕ್ಕೂ ಅಲ್ಲಿ ಹೆಚ್ಚಿನ ಬೆಲೆ. ಜ್ಯೋತಿರಾವ್ ಫುಲೆಯವರು ೧೮೫೫ರಲ್ಲಿ ಪುಣೆಯಲ್ಲಿ ಹಗಲೆಲ್ಲ ದುಡಿಯುವವರಿಗಾಗಿ ರಾತ್ರಿಶಾಲೆಯನ್ನು ನಡೆಸಿದರು. ಮೈಸೂರು ಸಂಸ್ಥಾನದಲ್ಲಿ ೧೯೪೦ರ ದಶಕದ ಆರಂಭದಲ್ಲಿ ವಯಸ್ಕರ ಶಿಕ್ಷಣ ಸಮಿತಿಯು ಹುಟ್ಟಿತು; ೧೯೪೭ರಲ್ಲಿ ಡೆನ್ಮಾರ್ಕದ ಮಾದರಿಯ ಮೇಲೆ ನಂಜನಗೂಡಿನಲ್ಲಿ ಮೊದಲ ವಿದ್ಯಾಪೀಠವು ಸ್ಥಾಪಿತವಾಯಿತು. ಹೊಸದಾಗಿ ಓದುಬರಹ ಕಲಿತವರು ಅದನ್ನು ಮರೆಯದಿರಲೆಂದು ಆ ಸಮಿತಿಯು ‘ಬೆಳಕು’ ಎಂಬ ಪತ್ರಿಕೆಯನ್ನೂ ಹೊರಡಿಸಿತು. ಕಲಿಸುವದು ಅರ್ಧ ಕೆಲಸ, ಕಲಿತುದನ್ನು ಉಳಿಸುವದು ಇನ್ನರ್ಧವೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು.

ದೇಶವ್ಯಾಪಿಯಾದ ಯತ್ನಗಳು ಇದರ ತರುವಾಯ ಬಂದವು. ೧೯೭೮ರ ಅಕ್ಟೋಬರ ೨ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವೂ, ೧೯೮೮ರ ಮೇ ೫ರಂದು ರಾಷ್ಟ್ರೀಯ ಸಾಕ್ಷರತಾ ಮಿಷನ್ನೂ ಆರಂಭವಾದವು. ಕೇರಳದ ಎರ್ನಾಕುಲಂ ಜಿಲ್ಲೆಯು ೧೯೯೦ರ ಫೆಬ್ರುವರಿಯಲ್ಲಿ ಸಂಪೂರ್ಣ ಸಾಕ್ಷರವೆಂದು ಘೋಷಿತವಾದ ಮೇಲೆ ಆ ಉತ್ಸಾಹವು ಇತರ ಪ್ರಾಂತಗಳಿಗೂ ಹಬ್ಬಿತು. ೧೯೯೦ರ ದಶಕದ ಆರಂಭದಲ್ಲಿ, ಬಾಗಲಕೋಟೆಯೂ ಸೇರಿದ್ದ ಅಂದಿನ ಬಿಜಾಪುರ ಜಿಲ್ಲೆಯಲ್ಲಿಯೂ ಸಾಕ್ಷರತಾ ಆಂದೋಲನವು ನಡೆಯಿತು. ಈ ಆಂದೋಲನದ ಹೊಸ ಪಾಠಕ್ರಮದಲ್ಲಿ ಮೂರು ಪುಸ್ತಕಗಳು, ಸುಮಾರು ೨೦೦ ಗಂಟೆಗಳ ಕಲಿಕೆ. ಅದರ ವೈಶಿಷ್ಟ್ಯವೇನೆಂದರೆ, ಅ ಆ ಇ ಈ ಎಂದು ವರ್ಣಮಾಲೆಯಿಂದ ಹೊರಡದೆ, ಬಲ್ಲ ವಸ್ತುವಿನ ಹೆಸರನ್ನು ಮೊದಲು ತೋರಿಸಿ, ಅದನ್ನು ಒಡೆದು ಅಕ್ಷರಗಳನ್ನು ಪರಿಚಯ ಮಾಡಿಸುವದು. ಬ್ರಾಜಿಲ ದೇಶದ ಪಾವ್ಲೋ ಫ್ರೇರನು ೧೯೬೩ರಲ್ಲಿ ಆಂಗಿಕೋಸ್ ಎಂಬ ಊರಿನಲ್ಲಿ ಸುಮಾರು ೩೦೦ ಮಂದಿ ದುಡಿಮೆಗಾರರಿಗೆ ಸುಮಾರು ನಲವತ್ತು ಗಂಟೆಗಳಲ್ಲಿ ಓದು ಕಲಿಸಿದುದೂ ಇಂಥ ಕ್ರಮದಿಂದಲೇ.

ಕನ್ನಡಕ್ಕೆ ಈ ಕ್ರಮವು ಎಷ್ಟು ಸಹಾಯಕವೆಂಬುದನ್ನು ವಾಚಕರು ಸುಲಭವಾಗಿ ಊಹಿಸಬಹುದು. ವರ್ಣಮಾಲೆ, ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರೆ, ಹಗಲೆಲ್ಲ ಜೋಳದ ಹೊಲದಲ್ಲಿ ಬೆನ್ನು ಬಗ್ಗಿಸಿ ಬಂದವಳು ಒಂದು ಸಾರ್ಥಕವಾದ ವಾಕ್ಯವನ್ನು ಓದುವ ಹೊತ್ತಿಗೆ ಸುಗ್ಗಿಯೇ ಬಂದುಬಿಡುವದು. ‘ಜೋಳ’, ‘ಹತ್ತಿ’, ‘ತೊಗರಿ’ ಎಂಬ ಮೂರು ಶಬ್ದಗಳಲ್ಲಿಯೇ ದೀರ್ಘವೂ ಒತ್ತೂ ಗುಣಿತವೂ ಬಂದುಹೋಗುತ್ತವೆ. ಮತ್ತು ಅವು ಅವಳ ಬದುಕಿನ ಶಬ್ದಗಳು. ನಾಲತವಾಡದ ಒಕ್ಕಲಿಗನಿಗೆ ಹೊಲದ ಉತಾರಿಯ ಮೇಲಿನ ತನ್ನ ಹೆಸರು, ಮುದ್ದೇಬಿಹಾಳಕ್ಕೆ ಹೋಗುವ ಬಸ್ಸಿನ ಹಲಗೆ, ಪೇಟೆಯ ತೂಕದ ಚೀಟಿ ಇವೇ ಮೊದಲ ಪಾಠವಾಗತಕ್ಕವು. ೨೦೦೦ನೆಯ ಇಸವಿಯಿಂದ ಈಚೆಗೆ ಹಳ್ಳಿಹಳ್ಳಿಗೂ ಹಬ್ಬಿದ ಸ್ತ್ರೀಶಕ್ತಿ ಸಂಘಗಳಲ್ಲಿ ಉಳಿತಾಯದ ಲೆಕ್ಕದ ಪುಸ್ತಕವೇ ಇಂಥ ಪಾಠಕ್ಕೆ ಅನುಕೂಲವಾದ ಸಾಧನವು. ಅಲ್ಲಿ ಹೆಬ್ಬೆಟ್ಟಿನ ಬದಲು ಸಹಿ ಮಾಡುವದು ಅಕ್ಷರದ ಮಾತಷ್ಟೇ ಅಲ್ಲ, ಮರ್ಯಾದೆಯ ಮಾತು.

ಇದಕ್ಕೆ ಶಾಸ್ತ್ರಜ್ಞರ ಬೆಂಬಲವೂ ಇದೆ. ಅಮೇರಿಕದ ಥಾರ್ನ್‌ಡೈಕನು ೧೯೨೮ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಇಪ್ಪತ್ತೈದರಿಂದ ನಲವತ್ತೈದರ ವರೆಗೆ ಕಲಿಯುವ ಶಕ್ತಿಯು ವರ್ಷಕ್ಕೆ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ ಕುಂದುವದೆಂದು ಕಂಡನು. ೧೯೭೮ರಲ್ಲಿ ಹಾಲೆಂಡಿನಲ್ಲಿ ನೆಲೆಸಿದ ಇಂಗ್ಲಿಷ ಕುಟುಂಬಗಳನ್ನು ಪರೀಕ್ಷಿಸಿದಾಗ, ಡಚ್ ಭಾಷೆಯನ್ನು ಮೊದಲ ತಿಂಗಳುಗಳಲ್ಲಿ ಬೇಗ ಕಲಿತವರು ಚಿಕ್ಕ ಮಕ್ಕಳಲ್ಲ, ಹದಿಹರೆಯದವರೂ ಪ್ರೌಢರೂ. ಮಕ್ಕಳು ತಡವಾಗಿ ಅವರನ್ನು ಹಿಡಿದರು. ಲಖನೌ ಸಮೀಪದ ಹಳ್ಳಿಗಳಲ್ಲಿ ಮೂವತ್ತರ ಸುಮಾರಿನ ನಿರಕ್ಷರರಿಗೆ ಆರು ತಿಂಗಳು ದೇವನಾಗರಿ ಕಲಿಸಿ ನೋಡಿದ ಸಂಶೋಧನೆಯು ೨೦೧೭ರಲ್ಲಿ ಪ್ರಕಟವಾಯಿತು; ಅಷ್ಟರಲ್ಲಿಯೇ ಅವರ ಮಿದುಳಿನ ಆಳದ ಭಾಗಗಳ ವ್ಯಾಪಾರದಲ್ಲಿ ಮಾರ್ಪಾಟು ಕಂಡುಬಂದಿತು. ಶರ್ವವರ್ಮನು ಕೇಳಿದ ಅವಧಿಯೂ ಆರು ತಿಂಗಳೇ ಎಂಬುದನ್ನು ನೆನೆದರೆ ಮನಸ್ಸಿಗೆ ಸಂತೋಷವಾಗುವದು. ಆದರೆ ಪ್ರೌಢನಿಗೆ ಎಲ್ಲವೂ ಸುಲಭವೆಂದಲ್ಲ. ಹೊಸ ಭಾಷೆಯ ಉಚ್ಚಾರವು ಮಗುವಿಗೆ ಬಂದಷ್ಟು ಚೊಕ್ಕವಾಗಿ ಅವನಿಗೆ ಬಾರದು. ಅಕ್ಷರಗಳನ್ನು ಕೂಡಿಸಿ ಓದುವ ವೇಗವು ಬಹಳ ಅಭ್ಯಾಸವಿಲ್ಲದೆ ಹೆಚ್ಚದು. ಅಭ್ಯಾಸವು ತಪ್ಪಿದರೆ ಕಲಿತುದು ಬೇಗ ಮರೆಯಾಗುವದು. ಆಂದೋಲನಗಳ ಕಾಲದಲ್ಲಿ ಸಹಿ ಮಾಡಲು ಕಲಿತ ಎಷ್ಟೋ ಕೈಗಳು ಮತ್ತೆ ಹೆಬ್ಬೆಟ್ಟಿಗೆ ಮರಳಿದುದಕ್ಕೆ ಕಾರಣವು ವಯಸ್ಸಲ್ಲ; ಓದಲು ಮುಂದಿನ ಪುಸ್ತಕವಿಲ್ಲದುದು, ಮತ್ತು ಕೂಡಿ ಓದಲು ಜೊತೆಯಿಲ್ಲದುದು.

ಈ ವಿಚಾರವು ಕೇವಲ ಪಾಂಡಿತ್ಯದ ವಿನೋದವಲ್ಲ. ೨೦೧೧ರ ಜನಗಣತಿಯಂತೆ, ಏಳು ವರ್ಷಗಳನ್ನು ದಾಟಿದವರಲ್ಲಿ ವಿಜಯಪುರ ಜಿಲ್ಲೆಯ ಸಾಕ್ಷರರು ನೂರಕ್ಕೆ ೬೭.೧೫, ಇಡೀ ಕರ್ನಾಟಕಕ್ಕೆ ಆ ಪ್ರಮಾಣವು ೭೫.೩೬. ಜಿಲ್ಲೆಯ ಸ್ತ್ರೀಯರಲ್ಲಿ ಅದು ೫೬.೭೨ ಮಾತ್ರ, ಎಂದರೆ ಹತ್ತು ಮಂದಿ ಸ್ತ್ರೀಯರಲ್ಲಿ ನಾಲ್ವರಿಗೂ ಹೆಚ್ಚಾಗಿ ಓದುಬರಹವನ್ನರಿಯರು. ಇವರಲ್ಲಿ ಬಹುಜನರು ಶಾಲೆಯ ವಯಸ್ಸನ್ನು ಎಂದೋ ದಾಟಿದವರು. ಸಾವಿರ ವರ್ಷಗಳ ಹಿಂದೆ ಹುಡುಗರ ದೀಪದ ಎಣ್ಣೆಗಾಗಿ ಭೂಮಿಯನ್ನು ಉಂಬಳಿ ಬಿಟ್ಟ ಸೀಮೆಯಿದು. ಮಡಿವಾಳನೂ ಆಯ್ದಕ್ಕಿಯ ಲಕ್ಕಮ್ಮನೂ ಮಾತನಾಡಿದರೆ ಕಲ್ಯಾಣವು ಕಿವಿಗೊಟ್ಟ ಕಥೆಯನ್ನು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವ ಸೀಮೆಯಿದು. ಅಂಥಲ್ಲಿ ಇಷ್ಟು ಜನ ತಾಯಂದಿರು ತಮ್ಮ ಹೆಸರನ್ನು ತಾವೇ ಓದಲಾರದೆ ಇರುವದು ಸುಶಿಕ್ಷಿತರ ಮನೆಗಳಿಗೆ ಭೂಷಣವಲ್ಲ.

ಆದುದರಿಂದ ಪ್ರತಿಯೊಂದು ಸುಶಿಕ್ಷಿತ ಕುಟುಂಬವು ತನ್ನ ಮನೆಯ ಕೆಲಸದವರಲ್ಲಿ, ಹೊಲದ ಆಳುಗಳಲ್ಲಿ, ನೆರೆಮನೆಯ ವೃದ್ಧರಲ್ಲಿ ಒಬ್ಬರನ್ನಾದರೂ ಓದಿಗೆ ಕುಳ್ಳಿರಿಸಿಕೊಳ್ಳಬೇಕು. ಕುಳ್ಳಿರಿಸುವಾಗ ಮಗುವಿನ ಅಂಕಲಿಪಿಯನ್ನು ಅವರ ಕೈಗೆ ಕೊಡಬಾರದು. ಅವರಿಗೇನು ಓದಬೇಕಾಗಿದೆಯೆಂದು ಮೊದಲು ಕೇಳಬೇಕು. ತಪ್ಪಿದಾಗ ನಗಬಾರದು, ಸಾತವಾಹನನಂತಹ ಅರಸನನ್ನೇ ಒಂದು ನಗೆಯು ನೆಲಕ್ಕಿಳಿಸಿತು. ಒಬ್ಬರನ್ನೇ ಕಲಿಸುವದಕ್ಕಿಂತ ನಾಲ್ವರನ್ನು ಕೂಡಿಸುವದು ಮೇಲು. ಅವರಿಂದ ತಾನು ಕಲಿಯತಕ್ಕದ್ದೂ ಇದೆಯೆಂಬ ಭಾವವು ಕಲಿಸುವವನಲ್ಲಿರಬೇಕು. ಗಿಡವನ್ನು ಬಗ್ಗಿಸಿದಂತೆ ಮರವನ್ನು ಬಗ್ಗಿಸಲಾಗದೆಂಬುದು ನಿಜ. ಆದರೆ ಪ್ರೌಢರನ್ನು ಬಗ್ಗಿಸಬೇಕೆಂದು ಯಾರು ಹೇಳಿದರು? ಅವರ ಬುಡಕ್ಕೆ ನೀರು ಹೊತ್ತು ಹಾಕಿದರೆ ಸಾಕು. ಎಲ್ಲಿ ಚಿಗುರಬೇಕೆಂಬುದು ಅವರಿಗೆ ತಿಳಿದೇ ಇರುವದು.